ದುರಸ್ತಿಗೆ ಬಿಟ್ಟ ವಾಹನ ಕಳುವಾದರೆ: ನಿಕ್ಷೇಪಧರ್ಮದ ಒಂದು ವಿವೇಚನೆ

ಒಬ್ಬನ ವಸ್ತು ಮತ್ತೊಬ್ಬನ ಕೈ ಸೇರುವ ಬಗೆಗಳು ಹಲವು. ಮಾರಿದರೆ ಒಡೆತನವೇ ಹೋಗುತ್ತದೆ, ದಾನವಿತ್ತರೂ ಅಷ್ಟೆ. ಆದರೆ ಒಡೆತನ ತನ್ನಲ್ಲಿಯೇ ಉಳಿದು ಸ್ವಾಧೀನ ಮಾತ್ರ ಬೇರೊಬ್ಬನಿಗೆ ಹೋಗುವ ಪ್ರಸಂಗಗಳು ನಿತ್ಯಜೀವನದಲ್ಲಿ ಇವಕ್ಕಿಂತ ಕಡಮೆಯೇನಲ್ಲ. ಅಕ್ಕಸಾಲಿಗನಿಗೆ ಕೊಟ್ಟ ಚಿನ್ನ, ದರ್ಜಿಗೆ ಕೊಟ್ಟ ಬಟ್ಟೆ, ಗ್ಯಾರೇಜಿಗೆ ಬಿಟ್ಟ ಕಾರು, ಇವೆಲ್ಲ ಈ ಜಾತಿಗೆ ಸೇರಿದವು. ಕೆಲಸ ಮುಗಿದ ಮೇಲೆ ವಸ್ತು ಹಿಂದಿರುಗಬೇಕೆಂಬುದೇ ಇಲ್ಲಿಯ ಕರಾರು. ನಮ್ಮ ಧರ್ಮಶಾಸ್ತ್ರಕಾರರು ಇಂಥ ಒಪ್ಪಿಸುವಿಕೆಯನ್ನು ನಿಕ್ಷೇಪ, ಉಪನಿಧಿ, ನ್ಯಾಸ ಎಂದು ಬಗೆಬಗೆಯಾಗಿ ಕರೆದು ವಿಚಾರಿಸಿದರು. 1872ರ ಭಾರತೀಯ ಕರಾರು ಅಧಿನಿಯಮವು ತನ್ನ 148ನೆಯ ಪ್ರಕರಣದಿಂದ ಮುಂದಕ್ಕೆ ಇದೇ ವಿಷಯವನ್ನು ನಿರೂಪಿಸುತ್ತದೆ. ಒಪ್ಪಿಸಿದ ವಾಹನ ರಾತ್ರಿ ಬೆಳಗಾಗುವಷ್ಟರಲ್ಲಿ ಮಾಯವಾದರೆ ನಷ್ಟವನ್ನು ಯಾರು ಹೊರಬೇಕು ಎಂಬುದೇ ಪ್ರಸ್ತುತ ಲೇಖನದ ವಿಚಾರ.

ಚಾಮರಾಜನಗರ ಸೀಮೆಯಲ್ಲಿ ಈ ಪ್ರಶ್ನೆ ಕೇವಲ ಪುಸ್ತಕದ್ದಲ್ಲ. ಮೈಸೂರಿನಿಂದ ಬರುವ ಹೆದ್ದಾರಿ ಗುಂಡ್ಲುಪೇಟೆಯಲ್ಲಿ ಕವಲೊಡೆದು, ಒಂದು ಸುಲ್ತಾನ್ ಬತ್ತೇರಿಯ ಕಡೆಗೂ ಮತ್ತೊಂದು ಊಟಿಯ ಕಡೆಗೂ ಸಾಗುತ್ತದೆ. ಎರಡೂ ಬಂಡೀಪುರದ ಕಾಡನ್ನು ಹಾಯ್ದು ಹೋಗುವ ದಾರಿಗಳು. 2009ರಲ್ಲಿ ಜಾರಿಗೆ ಬಂದ ನಿರ್ಬಂಧದಂತೆ ರಾತ್ರಿ 9ರಿಂದ ಬೆಳಗಿನ 6ರವರೆಗೆ ಸಾಮಾನ್ಯ ವಾಹನಗಳಿಗೆ ಅಲ್ಲಿ ಪ್ರವೇಶವಿಲ್ಲ. ಹೀಗಾಗಿ ಸಂಜೆ ಕೆಟ್ಟು ನಿಂತ ವಾಹನ ಈಚೆಯೇ ರಾತ್ರಿ ಕಳೆಯಬೇಕು. ಪರಸ್ಥಳದ ಮಾಲೀಕ ಅದನ್ನು ಗುರುತು ಪರಿಚಯವಿಲ್ಲದ ಮೇಸ್ತ್ರಿಯ ವಶಕ್ಕೆ ಬಿಟ್ಟು ವಸತಿಗೃಹ ಹುಡುಕಿಕೊಂಡು ಹೋಗಬೇಕು. ಹರವೆ, ತೆರಕಣಾಂಬಿ, ಬೇಗೂರುಗಳ ಕಡೆಯ ರೈತನ ಜೀಪು, ಬಾಡಿಗೆಯವನ ಗೂಡ್ಸ್ ಗಾಡಿಗಳ ಸ್ಥಿತಿಯೂ ಇದಕ್ಕಿಂತ ಭಿನ್ನವಲ್ಲ. ಬಿಡಿಭಾಗ ಮೈಸೂರಿನಿಂದ ಬರುವವರೆಗೆ ಗಾಡಿ ಅಲ್ಲಿಯೇ ನಿಂತಿರುತ್ತದೆ. ಗಾಡಿಯೊಂದರ ಬೆಲೆ ಎಷ್ಟೋ ವೇಳೆ ಆ ಇಡೀ ಗ್ಯಾರೇಜಿನ ಉಪಕರಣಗಳ ಬೆಲೆಗಿಂತ ಹೆಚ್ಚು. ಕಳವೊಂದು ನಡೆದರೆ ಒಂದು ಕಡೆ ಮಾಲೀಕನ ಜೀವನೋಪಾಯ, ಇನ್ನೊಂದು ಕಡೆ ಮೇಸ್ತ್ರಿಯ ಜೀವಮಾನದ ದುಡಿಮೆ, ಎರಡೂ ತಕ್ಕಡಿಯಲ್ಲಿ ತೂಗತೊಡಗುತ್ತವೆ.

ಪ್ರಾಚೀನರು ಇದನ್ನು ಹೇಗೆ ಕಂಡರೆಂಬುದು ಗಮನಾರ್ಹ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಎಂದರೆ 1076ರಿಂದ 1126ರವರೆಗಿನ ಅವಧಿಯಲ್ಲಿ, ಕನ್ನಡ ನೆಲದಲ್ಲಿಯೇ ರಚಿತವಾದ ವಿಜ್ಞಾನೇಶ್ವರನ ಮಿತಾಕ್ಷರಾ ಯಾಜ್ಞವಲ್ಕ್ಯಸ್ಮೃತಿಯ ವ್ಯಾಖ್ಯಾನ. ದಾಯಭಾಗದ ಚರ್ಚೆಗೆಂದೇ ಅದರ ಹೆಸರು ಕೇಳಿದವರು ಹೆಚ್ಚು. ಉಪನಿಧಿ ಪ್ರಕರಣವನ್ನು ಓದಿದವರು ವಿರಳ. ಒಪ್ಪಿಸಿದ ವಸ್ತುವನ್ನು ರಾಜನು ಕಸಿದುಕೊಂಡರೆ, ದೈವಯೋಗದಿಂದ ಅದು ನಷ್ಟವಾದರೆ, ಕಳ್ಳರು ಒಯ್ದರೆ, ಇಟ್ಟುಕೊಂಡವನು ಅದನ್ನು ತುಂಬಿಕೊಡಬೇಕಾಗಿಲ್ಲ ಎಂಬುದು ಯಾಜ್ಞವಲ್ಕ್ಯನ ಮತ. ಆದರೆ ಒಡೆಯನು ಬೇಡಿದ ಮೇಲೂ ಕೊಡದೆ ಇಟ್ಟುಕೊಂಡಾಗ ಕೇಡು ಸಂಭವಿಸಿದರೆ ಬೆಲೆಯನ್ನೂ ಕೊಡಬೇಕು, ಅಷ್ಟೇ ದಂಡವನ್ನೂ ತೆರಬೇಕು. ತನ್ನ ಇಚ್ಛೆಯಿಂದ ಅದನ್ನು ಬಳಸಿ ಜೀವಿಸಿದವನಿಗೂ ದಂಡವುಂಟು. ನಾರದನು ಒಂದು ಹೆಜ್ಜೆ ಮುಂದೆ ಹೋಗಿ, ಶಿಲ್ಪಿಯ ಕೈಗೆ ಕೆಲಸಕ್ಕಾಗಿ ಕೊಟ್ಟ ವಸ್ತುವಿಗೂ ಇದೇ ವಿಧಿ ಎಂದು ಸೇರಿಸಿದನು. ಶಿಲ್ಪಿ ಎಂಬ ಆ ಮಾತಿನೊಳಗೆ ಇಂದಿನ ಮೋಟಾರು ಮೇಸ್ತ್ರಿ ನಿರಾಯಾಸವಾಗಿ ಅಡಕವಾಗುತ್ತಾನೆ.

ಮೇಲ್ನೋಟಕ್ಕೆ ಸ್ಮೃತಿಕಾರರು ಕಳವಿನ ಸಂದರ್ಭದಲ್ಲಿ ಇಟ್ಟುಕೊಂಡವನ ಪಕ್ಷ ವಹಿಸಿದಂತೆ ಕಾಣುತ್ತದೆ. ಅಂದಿನ ನಿಕ್ಷೇಪ ಬಹುಮಟ್ಟಿಗೆ ಸ್ನೇಹದ ಉಪಕಾರವಾಗಿತ್ತು, ಕೂಲಿಯ ಕೆಲಸವಾಗಿರಲಿಲ್ಲ ಎಂಬುದನ್ನು ನೆನೆದರೆ ಆ ಔದಾರ್ಯದ ಕಾರಣ ತಿಳಿಯುತ್ತದೆ. ಕರಾರು ಅಧಿನಿಯಮವಾದರೋ ಕೂಲಿಯಿರಲಿ ಇಲ್ಲದಿರಲಿ ಒಂದೇ ಅಳತೆಗೋಲನ್ನು ಇಟ್ಟಿದೆ. 151ನೆಯ ಪ್ರಕರಣದಂತೆ, ಸಾಧಾರಣ ವಿವೇಕವುಳ್ಳ ಮನುಷ್ಯನು ಅಂಥದೇ ಗಾತ್ರ, ಗುಣ, ಬೆಲೆಗಳ ತನ್ನ ಸ್ವಂತ ವಸ್ತುವಿನ ವಿಷಯದಲ್ಲಿ ಎಷ್ಟು ಎಚ್ಚರ ವಹಿಸುವನೋ ಅಷ್ಟನ್ನು ವಹಿಸತಕ್ಕದ್ದು. ಅಷ್ಟು ವಹಿಸಿದ್ದರೆ, ವಿಶೇಷ ಕರಾರಿಲ್ಲದಿದ್ದಲ್ಲಿ, ನಷ್ಟಕ್ಕೆ ಅವನು ಹೊಣೆಯಲ್ಲ ಎಂದು 152ನೆಯ ಪ್ರಕರಣ ಹೇಳುತ್ತದೆ. ಇಲ್ಲಿಯ ಸೂಕ್ಷ್ಮವೊಂದನ್ನು ಮರೆಯಬಾರದು. ಅಳತೆಗೋಲು ವಿವೇಕಿಯ ನಡತೆಯೇ ಹೊರತು ಆ ಮೇಸ್ತ್ರಿಯ ಸ್ವಂತ ರೂಢಿಯಲ್ಲ. ತನ್ನ ಸ್ಕೂಟರನ್ನೂ ಬೀಗ ಹಾಕದೆ ಬಿಡುವುದು ತನ್ನ ಅಭ್ಯಾಸವೆಂದು ಹೇಳಿದ ಮಾತ್ರಕ್ಕೆ ಗಿರಾಕಿಯ ಕಾರನ್ನೂ ಹಾಗೆಯೇ ಬಿಟ್ಟುದು ಕ್ಷಮ್ಯವಾಗುವುದಿಲ್ಲ.

ಹೊಣೆಯ ಮಾತಿಗೆ ಮುನ್ನ ವಸ್ತುವು ನಿಜವಾಗಿ ಒಪ್ಪಿಸಲ್ಪಟ್ಟಿತೇ ಎಂಬುದನ್ನು ನೋಡಬೇಕು. ಈ ಬಗೆಗೆ 1938ರಲ್ಲಿ ವರದಿಯಾದ ಮದ್ರಾಸ್ ಹೈಕೋರ್ಟಿನ ತೀರ್ಪೊಂದು ಪ್ರಸಿದ್ಧವಾಗಿದೆ. (ಇಂದಿನ ಚಾಮರಾಜನಗರ ಜಿಲ್ಲೆಯ ಕೊಳ್ಳೇಗಾಲ ಆಗ ಮದ್ರಾಸ್ ಪ್ರಾಂತಕ್ಕೆ ಸೇರಿದ್ದುದರಿಂದ ಅಲ್ಲಿಯ ಜನಕ್ಕೆ ಅದು ನೆರೆಯ ನಾಡಿನ ನ್ಯಾಯವಾಗಿರಲಿಲ್ಲ, ತಮ್ಮದೇ ಆಗಿತ್ತು.) ಹಳೆಯ ಒಡವೆಗಳನ್ನು ಕರಗಿಸಿ ಹೊಸವನ್ನು ಮಾಡಲು ಮಹಿಳೆಯೊಬ್ಬರು ಅಕ್ಕಸಾಲಿಗನಿಗೆ ಕೊಟ್ಟಿದ್ದರು. ಪ್ರತಿದಿನ ಸಂಜೆ ಅರ್ಧ ಮುಗಿದ ಒಡವೆಗಳನ್ನು ತಾವೇ ಪೆಟ್ಟಿಗೆಯೊಂದರಲ್ಲಿಟ್ಟು, ಪೆಟ್ಟಿಗೆಯನ್ನು ಅಕ್ಕಸಾಲಿಗನ ಕೋಣೆಯಲ್ಲಿಯೇ ಬಿಟ್ಟು, ಬೀಗದಕೈಯನ್ನು ಮಾತ್ರ ತಮ್ಮೊಡನೆ ಒಯ್ಯುತ್ತಿದ್ದರು. ಒಂದು ರಾತ್ರಿ ಒಡವೆಗಳು ಕಳುವಾದವು. ಸಂಜೆಯಾಗುತ್ತಲೇ ಸ್ವಾಧೀನ ಆಕೆಗೇ ಹಿಂದಿರುಗಿತ್ತಾದ್ದರಿಂದ ರಾತ್ರಿಯ ನಷ್ಟಕ್ಕೆ ಅಕ್ಕಸಾಲಿಗ ಹೊಣೆಯಲ್ಲವೆಂದು ನ್ಯಾಯಾಲಯ ತೀರ್ಮಾನಿಸಿತು. ವಾಹನದ ಸಂಗತಿಯಲ್ಲಿಯೂ ಬೀಗದಕೈಯೇ ಸ್ವಾಧೀನದ ಪ್ರಮುಖ ಕುರುಹು. ಅದನ್ನು ಮೇಸ್ತ್ರಿಯ ಕೈಗಿತ್ತು ಹೋದರೆ ನಿಕ್ಷೇಪ ಪೂರ್ಣವಾಯಿತು. ಗ್ಯಾರೇಜಿನ ಮುಂದಿನ ರಸ್ತೆಯಲ್ಲಿ ಗಾಡಿ ನಿಲ್ಲಿಸಿ, ಬೀಗ ಹಾಕಿ, ಬೀಗದಕೈಯನ್ನು ಜೇಬಿಗಿಳಿಸಿ, ನಾಳೆ ಬಂದು ತೋರಿಸುವೆನೆಂದು ಹೋದವನು ಏನನ್ನೂ ಒಪ್ಪಿಸಿದಂತಾಗಲಿಲ್ಲ.

ಸುಪ್ರೀಂ ಕೋರ್ಟು 1983ರಲ್ಲಿ ತೀರ್ಮಾನಿಸಿದ ಒಂದು ಮೊಕದ್ದಮೆಯಲ್ಲಿ, ವಿಮಾ ಕಂಪನಿಯ ಮೂಲಕ ದುರಸ್ತಿಗೆ ಹೋಗಿದ್ದ ಕಾರು ಗ್ಯಾರೇಜಿನ ಬೆಂಕಿಯಲ್ಲಿ ಸುಟ್ಟುಹೋಗಿತ್ತು. ವಿಮಾ ಕಂಪನಿಯೇ ನಿಕ್ಷೇಪವನ್ನು ವಹಿಸಿಕೊಂಡಿತ್ತೆಂದೂ ನಷ್ಟಕ್ಕೆ ಉತ್ತರವಾದಿಯೆಂದೂ ಅಲ್ಲಿ ನಿರ್ಣಯವಾಯಿತು. ಕಳವಿನ ವಿಷಯದಲ್ಲಿ ಇಂದು ದಾರಿದೀಪವಾಗಿರುವುದು ಮಾತ್ರ 2019ರ ನವೆಂಬರ್ 14ರ ತೀರ್ಪು. ಅದನ್ನು ಬರೆದವರು ಹಾವೇರಿ ಜಿಲ್ಲೆಯ ಚಿಕ್ಕೇರೂರಿನವರೂ ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿಗಳಾಗಿದ್ದವರೂ ಆದ ನ್ಯಾಯಮೂರ್ತಿ ಮೋಹನ್ ಎಂ. ಶಾಂತನಗೌಡರ್ ಅವರು. 1998ರ ಆಗಸ್ಟ್ 1ರ ರಾತ್ರಿ ದೆಹಲಿಯ ತಾಜ್ ಮಹಲ್ ಹೋಟೆಲಿಗೆ ಮಾರುತಿ ಜೆನ್ ಕಾರಿನಲ್ಲಿ ಬಂದ ಅತಿಥಿಯೊಬ್ಬರು ಬೀಗದಕೈಯನ್ನು ಹೋಟೆಲಿನ ನೌಕರನಿಗೆ ಕೊಟ್ಟು ಚೀಟಿ ಪಡೆದು ಒಳಗೆ ಹೋದರು. ವಾಹನ ನಿಲ್ಲಿಸುವುದು ಅತಿಥಿಯ ಸ್ವಂತ ಹೊಣೆಯ ಮೇಲೆ ಎಂದು ಚೀಟಿಯಲ್ಲಿ ಅಚ್ಚಾಗಿತ್ತು. ಬೇರೊಂದು ಕಾರಿನಲ್ಲಿ ಬಂದಿದ್ದ ಕೆಲವು ಹುಡುಗರು ಹೊರಗೆ ಬಂದು ತಮ್ಮ ಗಾಡಿಯನ್ನು ಕೇಳಿದ ಗಡಿಬಿಡಿಯಲ್ಲಿ, ಅವರಲ್ಲೊಬ್ಬನು ಮೇಜಿನ ಮೇಲಿದ್ದ ಈ ಕಾರಿನ ಬೀಗದಕೈಯನ್ನು ಎತ್ತಿಕೊಂಡು ಕಾರನ್ನು ಓಡಿಸಿಕೊಂಡು ಹೋದನು. ಕಾರು ಮರಳಲಿಲ್ಲ. ವಿಮಾ ಕಂಪನಿ ಮಾಲೀಕರಿಗೆ 2,80,000 ರೂಪಾಯಿಗಳನ್ನು ಸಲ್ಲಿಸಿ, ಅವರ ಸ್ಥಾನದಲ್ಲಿ ನಿಂತು ಹೋಟೆಲಿನ ಮೇಲೆ ಗ್ರಾಹಕ ಆಯೋಗದಲ್ಲಿ ದಾವೆ ಹೂಡಿತು. ಘಟನೆಯಾದ 21 ವರ್ಷಗಳ ತರುವಾಯ ವ್ಯಾಜ್ಯ ಕೊನೆಗೊಂಡಿತು. ನ್ಯಾಯದಾನದ ಈ ಮಂದಗತಿಯ ಬಗೆಗೆ ಬೇರೆಯೇ ಲೇಖನ ಬರೆಯಬಹುದು.

ಆ ತೀರ್ಪಿನ ತಿರುಳು ಎರಡು ಮಾತುಗಳಲ್ಲಿದೆ. ಇಂಗ್ಲೆಂಡಿನ ಹಳೆಯ ಸಂಪ್ರದಾಯದಂತೆ ವಸತಿಗೃಹದವನು ತಪ್ಪಿರಲಿ ಇಲ್ಲದಿರಲಿ ಹೊಣೆ ಎಂಬ ಕಠಿಣ ನಿಯಮವನ್ನು ನ್ಯಾಯಾಲಯ ಒಪ್ಪಲಿಲ್ಲ. ಅದರ ಬದಲು, ವಾಹನ ವಶದಲ್ಲಿತ್ತೆಂದೂ ಹಿಂದಿರುಗಲಿಲ್ಲವೆಂದೂ ಸ್ಥಾಪಿತವಾದೊಡನೆ, ತನ್ನ ಕಡೆಯಿಂದ ಅಲಕ್ಷ್ಯ ನಡೆದಿಲ್ಲವೆಂದು ತೋರಿಸುವ ಹೊರೆ ವಶಪಡೆದವನ ಮೇಲೆ ಬೀಳುತ್ತದೆ ಎಂದಿತು. ಇದು ಯುಕ್ತವೇ ಸರಿ. ರಾತ್ರಿ ಗೇಟಿಗೆ ಬೀಗವಿತ್ತೇ, ಕಾವಲುಗಾರ ಎಚ್ಚರವಿದ್ದನೇ, ಬೀಗದಕೈ ಮೊಳೆಗೆ ತೂಗಾಡುತ್ತಿತ್ತೇ ಅಥವಾ ಪೆಟ್ಟಿಗೆಯೊಳಗಿತ್ತೇ ಎಂಬುದೆಲ್ಲ ಮನೆಯಲ್ಲಿ ಮಲಗಿದ್ದ ಮಾಲೀಕನಿಗೆ ತಿಳಿಯುವುದಾದರೂ ಹೇಗೆ? ಎರಡನೆಯದಾಗಿ, ಹೊಣೆ ಮಾಲೀಕನದೆಂದು ಚೀಟಿಯಲ್ಲಿ ಅಚ್ಚು ಹಾಕಿಸಿ ತನ್ನದೇ ಅಥವಾ ತನ್ನ ನೌಕರರದೇ ಅಲಕ್ಷ್ಯದ ಫಲದಿಂದ ನುಣುಚಿಕೊಳ್ಳಲು ಬಾರದು. ತೀರ್ಪು ಹೋಟೆಲಿಗೆ ಸಂಬಂಧಿಸಿದ್ದರೂ ಅದರ ಆಧಾರ 151ನೆಯ ಪ್ರಕರಣವೇ ಆದುದರಿಂದ ಗ್ಯಾರೇಜಿನ ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ ಬರೆದ ಅಂಥದೇ ಫಲಕಕ್ಕೂ ಹೆಚ್ಚಿನ ಬಲವಿರಲಾರದು.

ಹಾಗೆಂದು ಪ್ರತಿಯೊಂದು ಕಳವಿಗೂ ಮೇಸ್ತ್ರಿಯೇ ದಂಡ ತೆರಬೇಕೆಂದಲ್ಲ. ಬಾಗಿಲು ಭದ್ರಪಡಿಸಿ, ಬೀಗದಕೈಗಳನ್ನು ಬೇರೆಡೆ ಇರಿಸಿ, ಇತರ ಗ್ಯಾರೇಜಿನವರು ಮಾಡುವಷ್ಟನ್ನು ಮಾಡಿದ್ದರೂ ಕಳ್ಳರು ಗೋಡೆಯೊಡೆದು ಒಯ್ದರೆ ಆ ಬಡವನು ಪಾರಾಗುತ್ತಾನೆ. ಆದರೆ ಅದನ್ನು ಹೇಳಿದರೆ ಸಾಲದು, ತೋರಿಸಬೇಕು. ತಡಮಾಡದೆ ಪೊಲೀಸರಿಗೆ ದೂರು ಕೊಟ್ಟುದೂ ಇಂಥ ಪುರಾವೆಗಳಲ್ಲಿ ಒಂದು. ಮತ್ತೆ ಕೆಲವು ಸಂದರ್ಭಗಳಲ್ಲಿ ಎಚ್ಚರಿಕೆಯ ಪ್ರಶ್ನೆಯೇ ಏಳದೆ ಹೊಣೆ ಬರುತ್ತದೆ. ದುರಸ್ತಿಯನ್ನು ಪರೀಕ್ಷಿಸಲು ಗಾಡಿಯನ್ನು ಒಂದಷ್ಟು ದೂರ ಓಡಿಸುವುದು ಕೆಲಸದ ಭಾಗ. ಅದೇ ಗಾಡಿಯಲ್ಲಿ ಗ್ಯಾರೇಜಿನ ಹುಡುಗರು ಜಾತ್ರೆಗೆ ಹೋಗಿ, ಅಲ್ಲಿ ಅದು ಕಳುವಾದರೆ, ಒಪ್ಪಿಗೆಯಿಲ್ಲದ ಬಳಕೆಯಾದುದರಿಂದ 154ನೆಯ ಪ್ರಕರಣದಂತೆ ತುಂಬಿಕೊಡಬೇಕಾಗುತ್ತದೆ. ಹಾಗೆಯೇ ಒಪ್ಪಿದ ದಿನ ಮಾಲೀಕ ಹಣ ಹಿಡಿದು ಬಂದಾಗ ತನ್ನ ತಪ್ಪಿನಿಂದಲೇ ಗಾಡಿಯನ್ನು ಕೊಡದೆ ಹೋದರೆ, ಆ ಗಳಿಗೆಯಿಂದ ಮುಂದಿನ ನಷ್ಟವೆಲ್ಲ ಮೇಸ್ತ್ರಿಯದೇ ಎಂದು 161ನೆಯ ಪ್ರಕರಣ ಹೇಳುತ್ತದೆ. ಬೇಡಿದ ಮೇಲೂ ಕೊಡದವನಿಗೆ ಯಾಜ್ಞವಲ್ಕ್ಯ ಹೇಳಿದ್ದೂ ಇದನ್ನೇ, ದಂಡವೊಂದು ಮಾತ್ರ ಹೆಚ್ಚು.

ಕದ್ದವನು ಗ್ಯಾರೇಜಿನ ಆಳೇ ಆಗಿದ್ದರೆ? ಶುಚಿಗೊಳಿಸಲು ಕೊಟ್ಟ ತುಪ್ಪಟದ ಉಡುಪನ್ನು ಅಂಗಡಿಯ ನೌಕರನೇ ಅಪಹರಿಸಿದ ಮೊಕದ್ದಮೆಯಲ್ಲಿ, ಆ ವಸ್ತುವಿನ ಪಾಲನೆಯನ್ನು ಯಾವ ನೌಕರನಿಗೆ ವಹಿಸಲಾಗಿತ್ತೋ ಅವನ ಕಳವಿಗೆ ಯಜಮಾನ ಹೊಣೆಯೆಂದು ಇಂಗ್ಲೆಂಡಿನ ನ್ಯಾಯಾಲಯ ಹೇಳಿತು. 1966ರಲ್ಲಿ ವರದಿಯಾದ ಆ ತೀರ್ಪಿನ ನ್ಯಾಯ ಎಲ್ಲಿಯೂ ಒಪ್ಪತಕ್ಕದ್ದು. ನೌಕರನ ಮೇಲೆ ಕ್ರಿಮಿನಲ್ ಮೊಕದ್ದಮೆ ನಡೆದ ಮಾತ್ರಕ್ಕೆ ಯಜಮಾನನ ಸಿವಿಲ್ ಹೊಣೆ ತೀರುವುದಿಲ್ಲ.

ವಿಮೆಯ ಮಾತು ಇಲ್ಲಿ ಅವಶ್ಯ. ಮೂರನೆಯವರ ಹಾನಿಗೆ ಮಾತ್ರ ಸಂಬಂಧಿಸಿದ ಕಡ್ಡಾಯ ವಿಮೆ ಕಳವಿಗೆ ಕಾಸೂ ಕೊಡುವುದಿಲ್ಲ. ಹಳೆಯ ಗಾಡಿ ಕೊಂಡವರಲ್ಲಿ ಎಷ್ಟೋ ಮಂದಿ ಅಷ್ಟಕ್ಕೇ ನಿಲ್ಲಿಸುತ್ತಾರೆ. ಅಂಥವರಿಗೆ ಗ್ಯಾರೇಜಿನವನಲ್ಲದೆ ಬೇರೆ ಆಸರೆಯಿಲ್ಲ. ಸಮಗ್ರ ವಿಮೆಯಿದ್ದರೆ ಮಾಲೀಕನಿಗೆ ಹಣ ಬರಬಹುದು, ಆದರೆ ಮೇಸ್ತ್ರಿ ಬಿಡುಗಡೆಯಾದನೆಂದು ತಿಳಿಯಬೇಕಾಗಿಲ್ಲ. ದೆಹಲಿಯ ವ್ಯಾಜ್ಯದಲ್ಲಿ ಕಂಡಂತೆ ವಿಮಾ ಕಂಪನಿಯೇ ಮಾಲೀಕನ ಸ್ಥಾನದಲ್ಲಿ ನಿಂತು ಅವನ ಬಾಗಿಲು ತಟ್ಟುತ್ತದೆ.

ಪರಿಹಾರ ಕೋರುವವನು ಸಿವಿಲ್ ನ್ಯಾಯಾಲಯಕ್ಕೆ ಹೋಗಬಹುದು, ಇಲ್ಲವೆ 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮದ ಮೇರೆಗೆ ಜಿಲ್ಲಾ ಆಯೋಗಕ್ಕೆ ಹೋಗಬಹುದು. ಆಯೋಗಕ್ಕೆ 2 ವರ್ಷಗಳೊಳಗಾಗಿ ದೂರು ಸಲ್ಲಿಸಬೇಕು. ದೂರುದಾರನು ತಾನು ವಾಸಿಸುವ ಜಿಲ್ಲೆಯಲ್ಲಿಯೇ ಸಲ್ಲಿಸಲು ಈ ಅಧಿನಿಯಮ ಅವಕಾಶವಿತ್ತಿದೆ. ಗುಂಡ್ಲುಪೇಟೆಯಲ್ಲಿ ಕಾರು ಕಳೆದುಕೊಂಡ ವಯನಾಡಿನವನು ಅಲ್ಲಿಂದಲೇ ದೂರು ಕೊಟ್ಟರೆ ಮೇಸ್ತ್ರಿಯೇ ಕಾಡು ದಾಟಿ ಹೋಗಿ ಉತ್ತರಿಸಬೇಕಾದೀತು. ಸ್ವಯಂ ದುಡಿದು ಹೊಟ್ಟೆ ಹೊರೆಯಲು ಗಾಡಿ ಇಟ್ಟುಕೊಂಡವನೂ ಗ್ರಾಹಕನೇ. ವಾಣಿಜ್ಯದ ವಾಹನವೆಂಬ ಆಕ್ಷೇಪಣೆ ಅವನಿಗೆ ತಟ್ಟದು.

ಮೇಸ್ತ್ರಿಯ ಕೂಲಿಯ ಗತಿಯೇನು ಎಂಬುದೊಂದು ಉಳಿಯುತ್ತದೆ. ಶ್ರಮವನ್ನೋ ಕೌಶಲವನ್ನೋ ವ್ಯಯಿಸಿದವನು ಕೂಲಿ ಸಲ್ಲುವವರೆಗೆ ವಸ್ತುವನ್ನು ಹಿಡಿದಿಟ್ಟುಕೊಳ್ಳಬಹುದೆಂದು 170ನೆಯ ಪ್ರಕರಣ ಹೇಳುತ್ತದೆ. ರತ್ನವನ್ನು ಕಡೆಯಲು ಕೊಟ್ಟ ಉದಾಹರಣೆಯನ್ನು ಅಧಿನಿಯಮವೇ ಒದಗಿಸಿದೆ. ಹಾಗೆ ಹಿಡಿದಿಟ್ಟುಕೊಂಡ ದಿನಗಳಲ್ಲಿಯೂ ಎಚ್ಚರದ ಕರ್ತವ್ಯ ಸಡಿಲವಾಗುವುದಿಲ್ಲ. ಈ ಹಕ್ಕು ಸ್ವಾಧೀನವನ್ನು ಆಶ್ರಯಿಸಿದ್ದು. ಕಳುವಾದ ಗಾಡಿ ಪತ್ತೆಯಾಗಿ ನ್ಯಾಯಾಲಯದ ಮೂಲಕ ನೇರವಾಗಿ ಮಾಲೀಕನ ಕೈ ಸೇರಿದರೆ, ಮೇಸ್ತ್ರಿ ತನ್ನ ಕೂಲಿಯನ್ನು ಉಳಿದ ಸಾಲಗಾರರಂತೆಯೇ ಕೇಳಿ ಪಡೆಯಬೇಕಾಗುತ್ತದೆ.