ಥರ್ಮಾಮೀಟರ್ ಪಕ್ಕಕ್ಕಿಡು, ಮಗುವನ್ನು ನೋಡು

ಮಗಳೇ, ಕೂಸಿನ ಮೈ ಬಿಸಿಯಾದ ಕೂಡಲೇ ನಿನ್ನ ಕೈಕಾಲು ತಣ್ಣಗಾಗುತ್ತದೆ, ನನಗೆ ಗೊತ್ತು. ಆದರೆ ಜ್ವರ 101 ಇದೆಯೋ 102 ಇದೆಯೋ ಎನ್ನುವುದಕ್ಕಿಂತ ಮಗು ಹೇಗಿದೆ ಎನ್ನುವುದೇ ಮುಖ್ಯ. ಔಷಧಿ ಬಿದ್ದ ಮೇಲೆ ಹಾಲು ಕುಡಿದು ಆಡುವ ಮಗುವಿದ್ದರೆ ಗಾಬರಿಪಡಬೇಡ. ಜ್ವರ ಅಷ್ಟಾಗಿ ಇಲ್ಲದಿದ್ದರೂ ಹಾಲು ಬಿಟ್ಟು ಮಂಕಾಗಿ ಬಿದ್ದುಕೊಂಡಿದ್ದರೆ ಒಂದು ಗಂಟೆಯೂ ಕಾಯಬೇಡ. ಮೂರು ತಿಂಗಳು ತುಂಬದ ಕೂಸಿನ ಮಾತು ಮಾತ್ರ ಬೇರೆ. 100.4 ಡಿಗ್ರಿ ಮುಟ್ಟಿತೆಂದರೆ, ಅದು ನಗುತ್ತಿದ್ದರೂ ಸರಿ, ಆಸ್ಪತ್ರೆಗೆ ಹೊರಡು.

ಕೆಮ್ಮು ನೆಗಡಿ ಬಂದಾಗ ಉಸಿರು ಎಣಿಸುವುದನ್ನು ಕಲಿ. ಮಕ್ಕಳ ವಾರ್ಡಿನಲ್ಲಿ ನರ್ಸಾಗಿ ದುಡಿದ ನನಗೆ ಇದಕ್ಕಿಂತ ಉಪಯೋಗಕ್ಕೆ ಬಂದ ವಿದ್ಯೆ ಇನ್ನೊಂದಿಲ್ಲ. ಮಗು ಮಲಗಿರಲಿ, ಇಲ್ಲವೇ ಅಳದೆ ಸುಮ್ಮನಿರಲಿ. ಅಂಗಿ ಮೇಲೆತ್ತಿ, ಗಡಿಯಾರ ಎದುರಿಗಿಟ್ಟುಕೊಂಡು, ಹೊಟ್ಟೆ ಏರುವುದನ್ನು ಪೂರ್ತಿ ಒಂದು ನಿಮಿಷ ಎಣಿಸು. ಅರ್ಧ ನಿಮಿಷ ಎಣಿಸಿ ಎರಡರಿಂದ ಗುಣಿಸಬೇಡ, ಎಳೆಮಕ್ಕಳ ಉಸಿರು ಒಂದೇ ಸಮ ಇರುವುದಿಲ್ಲ. ಎರಡು ತಿಂಗಳೊಳಗಿನ ಕೂಸಿಗೆ 60, ವರ್ಷದೊಳಗಿನದಕ್ಕೆ 50, ಐದು ವರ್ಷದವರೆಗೆ 40. ಎಣಿಕೆ ಅಷ್ಟಾದರೆ ಅಥವಾ ಅದನ್ನು ದಾಟಿದರೆ ನ್ಯುಮೋನಿಯಾ ಇರಬಹುದು, ಅಂದೇ ಡಾಕ್ಟರಿಗೆ ತೋರಿಸು. ಉಸಿರೆಳೆದಾಗ ಪಕ್ಕೆಲುಬಿನ ಕೆಳಗೆ ಗುಳಿ ಬೀಳುತ್ತಿದ್ದರೆ, ತುಟಿ ನೀಲಿಗಟ್ಟಿದ್ದರೆ ಎಣಿಸುತ್ತಲೂ ಕೂರಬೇಡ, ಹೊರಟುಬಿಡು.

ವಾಂತಿ ಭೇದಿಯಲ್ಲಿ ಮಗುವಿನ ಜೀವ ತೆಗೆಯುವುದು ಮೈಯ ನೀರು ಮತ್ತು ಉಪ್ಪು ಹರಿದುಹೋಗುವುದು. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿ ಡ್ರಿಪ್ ಬಾಟಲಿಗಳು ಸಾಲದೆ ಬಂದಾಗ ಡಾಕ್ಟರ್ ದಿಲೀಪ್ ಮಹಲನಬಿಸ್ ಉಪ್ಪು, ಸಕ್ಕರೆ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಟ್ಟು ಕುಡಿಸಿ ಸಾವಿರಾರು ಜೀವ ಉಳಿಸಿದರು. ಅದೇ ಓಆರ್‌ಎಸ್. ಪೊಟ್ಟಣದ ಮೇಲೆ ಒಂದು ಲೀಟರ್ ಎಂದಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೇ ಇಡೀ ಪೊಟ್ಟಣ ಹಾಕಬೇಕು. ಲೋಟಕ್ಕೆ ಚಿಟಿಕೆ ಚಿಟಿಕೆ ಉದುರಿಸಿದರೆ ಅಳತೆ ಕೆಡುತ್ತದೆ. ಕಲಸಿದ್ದನ್ನು 24 ಗಂಟೆಯಾದ ಮೇಲೆ ಚೆಲ್ಲು. ಚಮಚದಲ್ಲಿ, ನಿಮಿಷಕ್ಕೊಂದರಂತೆ, ತಾಳ್ಮೆಯಿಂದ ಕುಡಿಸು. ಕಕ್ಕಿದರೆ ಹತ್ತು ನಿಮಿಷ ಬಿಟ್ಟು ಮತ್ತೆ ಶುರು ಮಾಡು. ಎದೆಹಾಲು ನಿಲ್ಲಿಸಬೇಡ. ಡಾಕ್ಟರು ಬರೆದ ಝಿಂಕನ್ನು ಭೇದಿ ನಿಂತ ಮೇಲೂ ಹದಿನಾಲ್ಕು ದಿನ ಮುಗಿಸು. ಭೇದಿ ನಿಲ್ಲಿಸುವ ಮಾತ್ರೆಯನ್ನು ಮಕ್ಕಳಿಗೆ ನೀನಾಗಿ ಕೊಡಲೇಬಾರದು. ಅಂಗಡಿಯ ಸಿಹಿ ಪಾನೀಯದ ಡಬ್ಬಿಗಳು ಓಆರ್‌ಎಸ್ ಅಲ್ಲ. ಆ ಹೆಸರು ಬಳಸದಂತೆ ಆಹಾರ ಸುರಕ್ಷತಾ ಪ್ರಾಧಿಕಾರ 2025ರ ಅಕ್ಟೋಬರಿನಲ್ಲಿ ಆದೇಶ ಹೊರಡಿಸಿದೆ. ಕಣ್ಣು ಗುಳಿಬಿದ್ದು, ಆರೇಳು ಗಂಟೆಯಾದರೂ ಉಚ್ಚೆ ಹೊಯ್ಯದಿದ್ದರೆ ಮನೆಯ ಆರೈಕೆ ಸಾಲದು ಎಂದೇ ಅರ್ಥ.

ಪ್ಯಾರಾಸಿಟಮಾಲ್ ಡ್ರಾಪ್ಸ್ ಬೇರೆ, ಸಿರಪ್ ಬೇರೆ. ಡ್ರಾಪ್ಸ್ ಬಹಳ ಗಟ್ಟಿ, ಸಿರಪ್ಪಿನ ಅಳತೆಯಲ್ಲಿ ಕೊಟ್ಟರೆ ಲಿವರಿಗೇ ಅಪಾಯ. ಡೋಸು ಮಗುವಿನ ತೂಕದ ಮೇಲೆ, ವಯಸ್ಸಿನ ಮೇಲಲ್ಲ.

ಜ್ವರದಲ್ಲಿ ಫಿಟ್ಸ್ ಬಂದರೆ ಕೈಗೆ ಕಬ್ಬಿಣ ಕೊಡುವವರು, ಹಲ್ಲಿನ ಸಂದಿಗೆ ಚಮಚ ತುರುಕುವವರು ಸುತ್ತ ಸೇರುತ್ತಾರೆ. ಅವರನ್ನು ದೂರ ಇಡು. ಮಗುವನ್ನು ಒಂದು ಮಗ್ಗುಲಿಗೆ ಮಲಗಿಸು, ಬಾಯಿಗೆ ಏನೂ ಹಾಕಬೇಡ, ಗಡಿಯಾರ ನೋಡು. ಐದು ನಿಮಿಷ ದಾಟಿದರೆ 108ಕ್ಕೆ ಫೋನ್ ಮಾಡು. ನಿಂತರೂ ಡಾಕ್ಟರಿಗೆ ತೋರಿಸು.

ದೃಷ್ಟಿ ತೆಗೆಯಬೇಕು ಎಂದು ನಿಮ್ಮತ್ತೆಯವರಿಗೆ ಅನ್ನಿಸಿದರೆ ತೆಗೆಯಲಿ, ಜಗಳ ಬೇಡ. ಆದರೆ ಮಗುವಿಗೆ ಬರೆ ಹಾಕಲು ಬಿಡಬೇಡ, ಅಲ್ಲಿ ನೀನು ಸೊಸೆಯಲ್ಲ, ತಾಯಿ.

ದೊಡ್ಡಾಸ್ಪತ್ರೆ ಎಂದರೆ ಸಾಲ ಎಂದು ಹೆದರಬೇಡ. ಬೆಂಗಳೂರಿನಲ್ಲಿ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಇದೆ, ವಾಣಿವಿಲಾಸವಿದೆ, ಮೈಸೂರಿನಲ್ಲಿ ಚೆಲುವಾಂಬ ಇದೆ, ಎಲ್ಲವೂ ಸರ್ಕಾರದವೇ. ಹಾಲು ಕುಡಿಯುವಾಗ ಮಗು ಬೆವರಿ, ಏದುಸಿರುಬಿಟ್ಟು, ತೂಕ ಏರದಿದ್ದರೆ ಹೃದಯ ಪರೀಕ್ಷೆ ಮಾಡಿಸಬೇಕು. ಅಂಗನವಾಡಿಗೆ ತಪಾಸಣೆಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಕ್ಕೆ ಹೇಳು. ಹುಟ್ಟಿನಿಂದ 18 ವರ್ಷದವರೆಗೆ ಅಂಥ ತೊಂದರೆಗಳನ್ನು ಗುರುತಿಸಿ ಉಚಿತ ಚಿಕಿತ್ಸೆಗೆ ಕಳಿಸುವುದೇ ಅವರ ಕೆಲಸ. ತಾಯಿ ಕಾರ್ಡನ್ನು ಕೈಗೆ ಸಿಗುವ ಕಡೆ ಇಟ್ಟಿರು, ಹೋದ ಕಡೆಯಲ್ಲೆಲ್ಲ ಅದನ್ನು ಮೊದಲು ಕೇಳುತ್ತಾರೆ.