ಹವೆಯ ಮಾರ್ಪಾಡೂ ಗ್ರಾಮಸ್ಥರ ಕರ್ತವ್ಯವೂ



ಮಳೆಯು ಮೊದಲಿನ ಹಾಗೆ ಬರುವದಿಲ್ಲವೆಂಬ ಮಾತು ಈಗ ಪ್ರತಿಯೊಂದು ಜಗಲಿಯಲ್ಲಿಯೂ ಕೇಳಿಬರುತ್ತದೆ. ಬಿತ್ತುವ ಕಾಲದಲ್ಲಿ ಅದು ಬಾರದು; ಬಂದರೆ ಒಂದೇ ರಾತ್ರಿಯಲ್ಲಿ ಹೊಲದ ಬದುವನ್ನೂ ಮೇಲ್ಮಣ್ಣನ್ನೂ ಕೊಚ್ಚಿಕೊಂಡು ಹೋಗುವದು. 2023ನೆಯ ಇಸವಿಯಲ್ಲಿ ಕರ್ನಾಟಕದ 236 ತಾಲೂಕುಗಳೊಳಗೆ 223 ತಾಲೂಕುಗಳು ಬರಪೀಡಿತವಾದವೆಂದು ಸರಕಾರವು ಪ್ರಕಟಿಸಿತು. ಮರುವರುಷ, 2024ರ ಜುಲೈ 30ರ ನಸುಕಿನಲ್ಲಿ, ನೆರೆಯ ವಯನಾಡಿನಲ್ಲಿ ಗುಡ್ಡವು ಜರಿದು ಮುಂಡಕ್ಕೈ, ಚೂರಲ್‌ಮಲೆ ಎಂಬ ಊರುಗಳ ಮೇಲೆ ಬಿದ್ದದರಿಂದ ಇನ್ನೂರಕ್ಕೂ ಹೆಚ್ಚು ಮಂದಿ ಸತ್ತುಹೋದರು. ಒಂದು ಕಡೆಯಲ್ಲಿ ನೀರಿಲ್ಲದ ಸಂಕಟ, ಇನ್ನೊಂದು ಕಡೆಯಲ್ಲಿ ನೀರು ಮಿತಿಮೀರಿದ ಸಂಕಟ. ಇವೆರಡಕ್ಕೂ ಏನಾದರೂ ಸಂಬಂಧ ಉಂಟೋ? ಉಂಟಾದರೆ, ನೇಗಿಲನ್ನೂ ಕುಡುಗೋಲನ್ನೂ ಹಿಡಿದು ಬದುಕುವ ನಮ್ಮಂಥವರ ಕೈಯಿಂದ ಆಗುವ ಕೆಲಸ ಯಾವದು? ಇದನ್ನು ಈ ಪಾಠದಲ್ಲಿ ಕ್ರಮವಾಗಿ ವಿಚಾರಿಸೋಣ.

1. ಹವೆಯು ಬಿಸಿಯಾಗುವ ಕಾರಣ

ಭೂಮಿಯನ್ನು ಸುತ್ತಿರುವ ಹವೆಯಲ್ಲಿ ಇಂಗಾಲಾಮ್ಲ ವಾಯುವೆಂಬದೊಂದು ಇದೆ. ಈಗಿನ ಶಾಲಾಪುಸ್ತಕಗಳಲ್ಲಿ ಇದಕ್ಕೆ ಇಂಗಾಲದ ಡೈಆಕ್ಸೈಡ್ ಎಂದು ಹೆಸರು. ಇದು ಅಳತೆಯಲ್ಲಿ ಬಹು ಸ್ವಲ್ಪವಾದರೂ ಕಂಬಳಿಯ ಕೆಲಸವನ್ನು ಮಾಡುತ್ತದೆ. ಹೇಗಂದರೆ, ಸೂರ್ಯನಿಂದ ಕಾದ ನೆಲವು ಹೊರಗೆ ಬಿಡುವ ಶಾಖವನ್ನು ಇದು ಹಿಡಿದಿಟ್ಟುಕೊಳ್ಳುತ್ತದೆ. ಈ ಕಂಬಳಿಯು ಇಲ್ಲದೆ ಹೋದರೆ ಭೂಮಿಯು ಹೆಪ್ಪುಗಟ್ಟುವದು; ಅದು ದಪ್ಪವಾದರೆ ಭೂಮಿಗೆ ಸೆಕೆಯಾಗುವದು. 1896ರಲ್ಲಿಯೇ ಸ್ವೀಡನ್ ದೇಶದ ಸ್ವಾಂಟೆ ಅರ್ಹೇನಿಯಸ್ ಎಂಬ ವಿದ್ವಾಂಸರು, ಕಲ್ಲಿದ್ದಲು ಉರಿಸುವದರಿಂದ ಈ ವಾಯುವು ಹೆಚ್ಚಿ ಭೂಮಿಯು ಬಿಸಿಯಾಗಬಹುದೆಂದು ಲೆಕ್ಕಹಾಕಿ ತೋರಿಸಿದರು.

ಅವರ ಲೆಕ್ಕವು ಸುಳ್ಳಾಗಲಿಲ್ಲ. ಯಂತ್ರಶಾಲೆಗಳು ಹುಟ್ಟುವದಕ್ಕೆ ಮುಂಚೆ ಹವೆಯ ಹತ್ತು ಲಕ್ಷ ಭಾಗಗಳಲ್ಲಿ ಈ ವಾಯುವು ಸುಮಾರು 280 ಭಾಗವಿತ್ತು. ಈಗ 420ನ್ನು ದಾಟಿದೆ. ಕಲ್ಲಿದ್ದಲು, ಪೆಟ್ರೋಲು, ಡೀಸೆಲುಗಳನ್ನು ಉರಿಸಿದ್ದೂ ಕಾಡುಗಳನ್ನು ಕಡಿದದ್ದೂ ಇದಕ್ಕೆ ಮುಖ್ಯ ಕಾರಣಗಳು. ಅಳತೆ ಇಡಲು ಆರಂಭಿಸಿದಂದಿನಿಂದ 2024ನೆಯ ವರುಷದಷ್ಟು ಬಿಸಿಯಾದ ವರುಷವು ಬೇರೊಂದು ಬಂದಿರಲಿಲ್ಲ.

ಬಿಸಿಯಾದ ಹವೆಯು ಹೆಚ್ಚು ಆವಿಯನ್ನು ಹೊರುತ್ತದೆ. ಒಂದು ಡಿಗ್ರಿ ಏರಿದರೆ ನೂರಕ್ಕೆ ಸುಮಾರು 7ರಷ್ಟು ಹೆಚ್ಚು. ಆದಕಾರಣ ಅದು ಬೇಸಿಗೆಯಲ್ಲಿ ಹೊಲದ ತೇವವನ್ನು ಬೇಗನೆ ಹೀರುತ್ತದೆ. ಮಳೆ ಸುರಿಯುವಾಗ ಹೊತ್ತದ್ದನ್ನೆಲ್ಲಾ ಒಮ್ಮೆಗೇ ಕವಿಚುತ್ತದೆ. ಬರವೂ ನೆರೆಯೂ ಒಂದೇ ಮನೆಯ ಮಕ್ಕಳಾದದ್ದು ಹೀಗೆ. ಆದರೂ ಎಲ್ಲಾ ಕಷ್ಟಕ್ಕೆ ಇದೊಂದೇ ಕಾರಣವೆಂದು ತಿಳಿಯಬಾರದು. 2023ರ ಬರದಲ್ಲಿ ಪೆಸಿಫಿಕ್ ಸಾಗರದ ನೀರು ಬಿಸಿಯೇರುವ ಎಲ್ ನಿನೋ ಎಂಬದರ ಪಾಲೂ ಇತ್ತು. ಅದು ಹಿಂದಿನಿಂದಲೂ ಕೆಲವು ವರುಷಗಳಿಗೊಮ್ಮೆ ಬರುವಂಥದು. ಹಳೆಯ ರೋಗಿಗೆ ಹೊಸ ಜ್ವರವು ಕೂಡಿದರೆ ಹೇಗೋ ಹಾಗೆಯೇ ಇದು.

2. ಮರವೂ ಮಣ್ಣೂ ಮಾಡುವ ಕೆಲಸ

ಮರವು ಇಂಗಾಲಾಮ್ಲ ವಾಯುವನ್ನು ಎಲೆಗಳಿಂದ ತೆಗೆದುಕೊಂಡು ಅದರಿಂದಲೇ ತನ್ನ ಕಾಂಡ, ಕೊಂಬೆ, ಬೇರುಗಳನ್ನು ಕಟ್ಟುತ್ತದೆ. ಒಣಗಿದ ಕಟ್ಟಿಗೆಯ ತೂಕದಲ್ಲಿ ಹೆಚ್ಚುಕಡಿಮೆ ಅರ್ಧವು ಇಂಗಾಲವೇ. ಆದದರಿಂದ ನಿಂತ ಮರವು ಕಣಜದಂತೆ ಇಂಗಾಲವನ್ನು ಕೂಡಿಟ್ಟುಕೊಂಡಿರುತ್ತದೆ. ಕಡಿದು ಸುಟ್ಟರೆ ಆ ಕಣಜವು ಹವೆಗೆ ಬರಿದಾಗುತ್ತದೆ. ನೂರು ವರುಷದ ಆಲವನ್ನು ಕಡಿದು ಹತ್ತು ಸಸಿ ನೆಟ್ಟೆವೆಂದು ಹೇಳುವವನು, ತುಂಬಿದ ಕಣಜವನ್ನು ಚೆಲ್ಲಿ ಹತ್ತು ಬರಿ ಮೊರಗಳನ್ನು ತಂದಿಟ್ಟವನಿಗೆ ಸಮಾನನು.

ಮರದ ಉಪಕಾರವು ಇಷ್ಟರಲ್ಲಿಯೇ ಮುಗಿಯುವದಿಲ್ಲ. ಅದರ ಎಲೆಗಳು ಮಳೆಯ ಪೆಟ್ಟನ್ನು ತಡೆಯುತ್ತವೆ. ಕೆಳಗೆ ಬಿದ್ದ ತರಗು ನೆಲವನ್ನು ಮುಚ್ಚುತ್ತದೆ. ಬೇರುಗಳು ಮಾಡಿದ ದಾರಿಯಲ್ಲಿ ನೀರು ಇಳಿದು ಕೆಳಗಿನ ಬಾವಿಗೂ ಊಟೆಗೂ ಸೇರುತ್ತದೆ. ಬೋಳು ಗುಡ್ಡದ ಮೇಲೆ ಬಿದ್ದ ಮಳೆಯಾದರೋ ಕೆಂಪು ನೀರಾಗಿ ಓಡಿ ಕೆರೆಯಲ್ಲಿ ಹೂಳು ತುಂಬಿಸುತ್ತದೆ.

3. ಸಾಮಾನ್ಯ ಜನರು ಮಾಡಿ ತೋರಿಸಿದ್ದು

ಇದು ದೊಡ್ಡವರಿಂದ ಮಾತ್ರ ಆಗುವ ಕೆಲಸವೆಂದು ಹೇಳುವವರು ಈ ಮೂರು ನಿದರ್ಶನಗಳನ್ನು ಗಮನಿಸಲಿ.

ಮೊದಲನೆಯದು, ಉತ್ತರಕನ್ನಡ ಜಿಲ್ಲೆಯ ಶಿರಸಿ ತಾಲೂಕಿನ ಸಾಲ್ಕಣಿ. ಅಲ್ಲಿಯ ಸುತ್ತಲಿನ ಸಹಜವಾದ ಕಾಡು ಗುತ್ತಿಗೆದಾರರ ಕೊಡಲಿಗೆ ಬೀಳುತ್ತಿತ್ತು. ಕಡಿದ ಜಾಗದಲ್ಲಿ ಸಾಗುವಾನಿಯಂಥ ಒಂದೇ ಜಾತಿಯ ಮರದ ತೋಪುಗಳು ಏಳುತ್ತಿದ್ದವು. ಅಡಿಕೆ ತೋಟಕ್ಕೆ ಬೇಕಾದ ಸೊಪ್ಪೂ ಹಳ್ಳದ ನೀರೂ ಕಡಿಮೆಯಾಗುವದನ್ನು ಜನರು ಕಣ್ಣಾರೆ ಕಂಡರು. ಹಿಮಾಲಯದ ಚಮೋಲಿ ಜಿಲ್ಲೆಯಲ್ಲಿ 1973ರಿಂದ ನಡೆದ ಚಿಪ್ಕೋ ಚಳುವಳಿಯ ಸುದ್ದಿಯನ್ನು ಅವರು ಕೇಳಿದ್ದರು. 1983ರ ಸೆಪ್ಟೆಂಬರ್ 8ರಂದು ಊರಿನ ಗಂಡಸರೂ ಹೆಂಗಸರೂ ಯುವಕರೂ ಕಳಸೆ ಕಾಡಿಗೆ ನಡೆದುಹೋಗಿ ಮರಗಳನ್ನು ಅಪ್ಪಿಕೊಂಡು ನಿಂತರು. ಯಾರ ಮೇಲೆಯೂ ಕೈ ಎತ್ತಲಿಲ್ಲ. ಆದರೆ ಮರವನ್ನೂ ಬಿಡಲಿಲ್ಲ. ಹೀಗೆ 38 ದಿವಸ ನಡೆದ ಮೇಲೆ ಕಡಿಯುವ ಆಜ್ಞೆಯು ಹಿಂತೆಗೆಯಲ್ಪಟ್ಟಿತು. ಪಾಂಡುರಂಗ ಹೆಗಡೆಯವರು ಮುಂದೆ ನಿಂತು ನಡಿಸಿದ ಈ ಅಪ್ಪಿಕೋ ಚಳುವಳಿಯ ಸೂತ್ರವು ಮೂರೇ ಮಾತು: ಉಳಿಸು, ಬೆಳೆಸು, ಬಳಸು. ಬಳಸಬೇಡವೆಂದು ಅವರು ಹೇಳಲಿಲ್ಲ. ಉಳಿಸುವದನ್ನು ಮೊದಲು ಇಟ್ಟರು, ಬಳಸುವದನ್ನು ಕಡೆಗೆ ಇಟ್ಟರು. ಈ ಕ್ರಮದಲ್ಲಿಯೇ ಪಾಠವಿದೆ.

ಎರಡನೆಯದು, ಮಾಗಡಿ ತಾಲೂಕಿನ ಹುಲಿಕಲ್ಲಿನ ತಿಮ್ಮಕ್ಕನವರು. ಆಕೆಗೆ ಓದು ಬರಹವಿರಲಿಲ್ಲ. ಜೀವನವು ಕೂಲಿಯಿಂದ ನಡೆಯುತ್ತಿತ್ತು. ಮಕ್ಕಳಿಲ್ಲದ ಆಕೆಯೂ ಗಂಡ ಚಿಕ್ಕಯ್ಯನವರೂ ಹುಲಿಕಲ್ಲಿನಿಂದ ಕುದೂರಿಗೆ ಹೋಗುವ ದಾರಿಯ ಬದಿಯಲ್ಲಿ ಆಲದ ಸಸಿಗಳನ್ನು ನೆಟ್ಟರು. ಮೊದಲನೆಯ ವರುಷ ನೆಟ್ಟದ್ದು ಹತ್ತೇ. ಮಳೆಗಾಲದಲ್ಲಿ ನೆಟ್ಟು, ದನಕರು ಮೇಯದಂತೆ ಮುಳ್ಳು ಕಟ್ಟಿ, ಬೇಸಿಗೆಯಲ್ಲಿ ದೂರದಿಂದ ಕೊಡಗಳಲ್ಲಿ ನೀರು ಹೊತ್ತು ಎರೆದರು. ಹೀಗೆ ವರುಷ ವರುಷವೂ ಮಾಡಿದದರಿಂದ 385 ಆಲದ ಮರಗಳ ಸಾಲು ಎದ್ದು ನಿಂತಿತು. 1991ರಲ್ಲಿ ಗಂಡನು ತೀರಿಕೊಂಡ ಮೇಲೆಯೂ ಆಕೆಯು ಆ ಕೆಲಸದಿಂದ ಹಿಂಜರಿಯಲಿಲ್ಲ. 2019ರಲ್ಲಿ ಆಕೆಗೆ ಪದ್ಮಶ್ರೀ ಗೌರವವು ದೊರಕಿತು. ಅದೇ ವರುಷ ರಸ್ತೆ ಅಗಲಮಾಡುವ ಕೆಲಸದಿಂದ ಆ ಮರಗಳಿಗೆ ಅಪಾಯವು ಬಂದಾಗ ಮುಪ್ಪಿನ ಮುದುಕಿಯಾದ ಆಕೆಯೇ ಸರಕಾರಕ್ಕೆ ಮೊರೆಯಿಟ್ಟಳು. ಮರಗಳನ್ನು ಉಳಿಸುವೆವೆಂಬ ಮಾತನ್ನು ಪಡೆದಳು. ನೆಡುವದರ ಸಂಗಡ ಕಾಯುವದೂ ಕೇಳುವದೂ ಕರ್ತವ್ಯವೆಂಬದನ್ನು ಇದು ತೋರಿಸುತ್ತದೆ. 2025ರ ನವೆಂಬರ್ 14ರಂದು ಆಕೆ ತೀರಿಹೋದರು.

ಮೂರನೆಯದು, ಮಂಡ್ಯ ಜಿಲ್ಲೆಯ ಮಳವಳ್ಳಿ ತಾಲೂಕಿನ ದಾಸನದೊಡ್ಡಿಯ ಕಾಮೇಗೌಡರು. ಇವರು ಕುರಿ ಕಾಯುವವರು. ಕುಂದಿನಿ ಬೆಟ್ಟದಲ್ಲಿ ಪಶುಪಕ್ಷಿಗಳಿಗೆ ಕುಡಿಯುವ ನೀರಿಲ್ಲದ್ದನ್ನು ನೋಡಿ ಹಾರೆ ಗುದ್ದಲಿ ಹಿಡಿದು ಕಟ್ಟೆ ತೋಡಲಾರಂಭಿಸಿದರು. ಖರ್ಚಿಗಾಗಿ ಕುರಿಗಳನ್ನೂ ಮಾರಿದರು. ಒಂದಾದ ಮೇಲೊಂದರಂತೆ ಹತ್ತಕ್ಕಿಂತ ಹೆಚ್ಚು ಕಟ್ಟೆಗಳಾದವು. 2022ರಲ್ಲಿ ಅವರು ತೀರಿಕೊಂಡರು.

4. ಒಂದು ಆಕ್ಷೇಪಣೆ

ಕೆಲವರು ಹೀಗೆ ಕೇಳುವರು: ಹೊಗೆ ಬಿಟ್ಟವರು ದೊಡ್ಡ ಕಾರ್ಖಾನೆಯವರೂ ದೂರದೇಶದವರೂ ಅಲ್ಲವೋ? ಬಡವನಾದ ನಾನು ಏಕೆ ಕಷ್ಟಪಡಬೇಕು?

ಈ ಪ್ರಶ್ನೆಯಲ್ಲಿ ನ್ಯಾಯವಿದೆ, ಅದನ್ನು ತಳ್ಳಿಹಾಕಲಾಗದು. ಲೆಕ್ಕವನ್ನು ನೋಡಿದರೆ, ಅಮೆರಿಕದಲ್ಲಿ ಒಬ್ಬೊಬ್ಬನ ಪಾಲಿಗೆ ವರುಷಕ್ಕೆ 13 ಟನ್ನಿಗೂ ಹೆಚ್ಚು ಇಂಗಾಲಾಮ್ಲ ವಾಯು ಬೀಳುತ್ತದೆ. ಭಾರತದಲ್ಲಿ ಸುಮಾರು 2 ಟನ್ನು. ಹಳ್ಳಿಯ ಕೂಲಿಗಾರನ ಪಾಲು ಅದಕ್ಕಿಂತಲೂ ಕಡಿಮೆ. ಒಣಪುಳ್ಳೆ ಆರಿಸಿ ಗಂಜಿ ಬೇಯಿಸುವ ಬಡವಿಯೇ ಲೋಕವನ್ನು ಬಿಸಿಮಾಡಿದಳೆಂದು ಯಾರಾದರೂ ಹೇಳಿದರೆ ಅದು ಅನ್ಯಾಯದ ಮಾತು. ನಾವು ನೆಟ್ಟ ಮರಗಳು ಕಲ್ಲಿದ್ದಲಿನ ಹೊಗೆಯನ್ನೆಲ್ಲಾ ನುಂಗಿಬಿಡುವವೆಂಬದೂ ಸತ್ಯವಲ್ಲ. ದೊಡ್ಡವರು ತಮ್ಮ ಹೊಗೆಯನ್ನು ತಾವೇ ತಗ್ಗಿಸಬೇಕು. 2015ರಲ್ಲಿ ಪ್ಯಾರಿಸ್ ಪಟ್ಟಣದಲ್ಲಿ ರಾಜ್ಯಗಳೆಲ್ಲಾ ಕೂಡಿ ಹಾಗೆಂದೇ ಒಪ್ಪಂದ ಮಾಡಿಕೊಂಡವು.

ಹಾಗಾದರೆ ನಾವು ಕೈಕಟ್ಟಿ ಕುಳಿತುಕೊಳ್ಳೋಣವೋ? ಬೇಡ. ತಪ್ಪು ಮಾಡಿದವನು ದೂರದಲ್ಲಿದ್ದರೂ ಪೆಟ್ಟು ಬೀಳುವದು ನಮ್ಮ ಹೊಲಕ್ಕೆ, ನಮ್ಮ ಬಾವಿಗೆ. ನೆರೆಯವನ ಮನೆಯ ಬೆಂಕಿಯ ಕಿಡಿ ನಮ್ಮ ಸೂರಿಗೆ ಹಾರಿಬಂದರೆ, ಹಚ್ಚಿದವರಾರೆಂದು ವಿಚಾರಿಸುವದಕ್ಕೆ ಮುಂಚೆ ನೀರು ಎರಚುವೆವಷ್ಟೆ. ಊರಿನ ಗುಡ್ಡದಲ್ಲಿ ಮರವಿದ್ದು ಕೆರೆಯಲ್ಲಿ ಹೂಳಿಲ್ಲದಿದ್ದರೆ, ಅದೇ ಬರವು ಬಂದರೂ ಬಾವಿಯು ಇನ್ನೂ ಕೆಲವು ವಾರ ತಡೆಯುವದು. ಆ ಕೆಲವು ವಾರಗಳೇ ಮನೆಯವರು ಊರಲ್ಲಿ ಉಳಿಯುವದಕ್ಕೂ ಗಂಟುಮೂಟೆ ಕಟ್ಟಿ ಪಟ್ಟಣಕ್ಕೆ ಗುಳೆ ಹೋಗುವದಕ್ಕೂ ಇರುವ ಅಂತರ.

5. ನಾವು ಮಾಡತಕ್ಕದ್ದು

(ಅ) ನಿಂತ ಮರವನ್ನು ಉಳಿಸತಕ್ಕದ್ದು. ಹೊಸದನ್ನು ನೆಡುವದಕ್ಕಿಂತ ಇದು ಶ್ರೇಷ್ಠ. ಹೊಲದ ಬದುವಿನ ಹಳೆಯ ಹುಣಸೆ, ಬೇವು, ನೇರಳೆಗಳನ್ನು ಸ್ವಲ್ಪ ಹಣದ ಆಶೆಗೆ ಕಟ್ಟಿಗೆಯವನಿಗೆ ಮಾರಬಾರದು.

(ಆ) ನೆಟ್ಟರೆ ಸಾಕತಕ್ಕದ್ದು. ಹಳ್ಳಿಗಳಲ್ಲಿ ತಿರುಗುವಾಗ ನಾವು ಕಂಡದ್ದೇನಂದರೆ, ಮೆರವಣಿಗೆಯಿಂದ ಗಿಡ ನೆಟ್ಟ ಗುಣಿಯಲ್ಲಿಯೇ ಮರುವರುಷ ಪುನಃ ಮೆರವಣಿಗೆಯಿಂದ ಗಿಡ ನೆಡುವರು. ನೂರು ನೆಟ್ಟು ಮರೆಯುವದಕ್ಕಿಂತ ಮನೆಗೆ ಎರಡನ್ನು ನೆಟ್ಟು ಮೂರು ಬೇಸಿಗೆ ಕಾಯುವದು ಮೇಲು. ಹೊಂಗೆ, ಬೇವು, ಹಲಸು ಮುಂತಾದ ನಮ್ಮ ನೆಲದ ಜಾತಿಗಳನ್ನು ಮಳೆಯ ಆರಂಭದಲ್ಲಿ ನೆಡಿರಿ. ಮುಳ್ಳಿನ ಬೇಲಿ ಕಟ್ಟಿರಿ. ಬುಡಕ್ಕೆ ತರಗು ಮುಚ್ಚಿರಿ. ಬೇಸಿಗೆಯಲ್ಲಿ ಬುಡದ ಪಕ್ಕದಲ್ಲಿ ಮಣ್ಣಿನ ಮಡಕೆಯನ್ನು ಹೂತು ನೀರು ತುಂಬಿಸಿಟ್ಟರೆ ಅದು ಮೆಲ್ಲಗೆ ಜಿನುಗಿ ಬೇರಿಗೆ ತಲಪುವದು.

(ಇ) ಓಡುವ ನೀರನ್ನು ನಿಲ್ಲಿಸತಕ್ಕದ್ದು. ಬದುಗಳನ್ನು ಮಳೆಗೆ ಮುಂಚೆ ಸರಿಮಾಡಿರಿ. ಕೆರೆಗೆ ನೀರು ತರುವ ಕಾಲುವೆಯನ್ನು ಒತ್ತಿಕೊಂಡು ಉಳಬೇಡಿರಿ, ಅದರಲ್ಲಿ ಕಸ ಸುರಿಯಬೇಡಿರಿ. ಬೇಸಿಗೆಯಲ್ಲಿ ಕೆರೆಯ ಹೂಳನ್ನು ತೆಗೆದು ಹೊಲಕ್ಕೆ ಹಾಕಿದರೆ ಕೆರೆಗೂ ಲಾಭ, ಹೊಲಕ್ಕೂ ಲಾಭ.

(ಈ) ಬೆಂಕಿಯನ್ನು ಮಿತವಾಗಿ ಬಳಸತಕ್ಕದ್ದು. ತರಗನ್ನೂ ಕಬ್ಬಿನ ರವದಿಯನ್ನೂ ಸುಡದೆ ಗುಂಡಿಯಲ್ಲಿ ಕೊಳೆಹಾಕಿರಿ. ಸುಟ್ಟರೆ ಹೊಗೆ, ಕೊಳೆತರೆ ಗೊಬ್ಬರ. ದನಗಳಿರುವವರು ಸಗಣಿ ಗ್ಯಾಸಿನ ತೊಟ್ಟಿಯನ್ನು ಕಟ್ಟಿಸಬಹುದು. ಕಟ್ಟಿಗೆಯಲ್ಲಿಯೇ ಅಡಿಗೆ ಮಾಡುವವರಿಗಾಗಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ರೂಪಿಸಿದ ಅಸ್ತ್ರ ಒಲೆ ಉಂಟು. ಅದರಲ್ಲಿ ಕಟ್ಟಿಗೆಯೂ ಕಡಿಮೆ ಸಾಕು. ಹೊಗೆಯು ಕೊಳವೆಯಿಂದ ಹೊರಗೆ ಹೋಗುವದರಿಂದ ಹೆಂಗಸರ ಕಣ್ಣಿಗೂ ಎದೆಗೂ ಸುಖ.

(ಉ) ಗ್ರಾಮಸಭೆಯಲ್ಲಿ ಬಾಯಿ ತೆರೆಯತಕ್ಕದ್ದು. ಕಾಡು, ಕೆರೆ, ಪ್ರಾಣಿಗಳನ್ನು ಕಾಪಾಡುವದು ಪ್ರತಿಯೊಬ್ಬನ ಕರ್ತವ್ಯವೆಂದು 1976ರ ತಿದ್ದುಪಡಿಯಿಂದ ನಮ್ಮ ರಾಜ್ಯಾಂಗದಲ್ಲಿಯೇ ಬರೆದದೆ. 2002ರ ಜೀವವೈವಿಧ್ಯ ಕಾಯಿದೆಯ ಪ್ರಕಾರ ಪ್ರತಿ ಪಂಚಾಯತಿಯಲ್ಲಿಯೂ ಒಂದು ಸಮಿತಿ ಇದ್ದು, ಊರಿನ ಗಿಡಮರ ಪ್ರಾಣಿಗಳ ದಾಖಲೆಯನ್ನು ಜನರನ್ನು ಕೇಳಿಯೇ ಬರೆಯಬೇಕು. ನಿಮ್ಮ ಊರಿನಲ್ಲಿ ಅದು ಇದೆಯೋ, ಯಾರಾರು ಅದರಲ್ಲಿದ್ದಾರೆ, ಪುಸ್ತಕವು ಎಲ್ಲಿದೆ ಎಂದು ವಿಚಾರಿಸಿರಿ. ಒಬ್ಬನೇ ಕೇಳಿದರೆ ಮಾತು ಗಾಳಿಗೆ ಹೋದೀತು; ಹತ್ತು ಮಂದಿ ಕೂಡಿ ಬರೆದು ಕೊಟ್ಟ ಅರ್ಜಿಗೆ ಉತ್ತರ ಕೊಡಲೇಬೇಕಾಗುವದು.

ಹನಿಗೂಡಿದರೆ ಹಳ್ಳ, ತೆನೆಗೂಡಿದರೆ ಬಳ್ಳ ಎಂಬ ಗಾದೆಯು ಇಲ್ಲಿ ಎಷ್ಟೋ ಸಲ ಹೇಳಲ್ಪಡುತ್ತದೆ. ಆದರೆ ಹನಿಯು ನಿಲ್ಲುವದಕ್ಕೆ ಕಟ್ಟೆ ಬೇಕು, ತೆನೆಯು ಉಳಿಯುವದಕ್ಕೆ ಕಾವಲು ಬೇಕು. ಆ ಕಟ್ಟೆಯೂ ಕಾವಲೂ ನಾವೇ.

ಕೂಡಿ ವಿಚಾರಿಸತಕ್ಕ ಪ್ರಶ್ನೆಗಳು

1. ಬರವೂ ನೆರೆಯೂ ಹೆಚ್ಚುವದಕ್ಕೆ ಬಿಸಿಯಾದ ಹವೆಯು ಹೇಗೆ ಕಾರಣವಾಗುತ್ತದೆ?
2. ಹಳೆಯ ಮರವನ್ನು ಕಡಿದು ಸಸಿ ನೆಡುವದು ಏಕೆ ಸಮವಾಗದು?
3. ಸಾಲ್ಕಣಿಯವರು ಉಳಿಸು ಎಂಬ ಮಾತನ್ನು ಮೊದಲು ಇಟ್ಟದ್ದೇಕೆ?
4. ನಿಮ್ಮ ಊರಿನ ಕೆರೆಗೆ ನೀರು ಬರುವ ಕಾಲುವೆಗಳು ಎಷ್ಟು? ಅವುಗಳಲ್ಲಿ ಮುಚ್ಚಿಹೋದವು ಯಾವವು?
5. ಬರುವ ಮಳೆಗಾಲಕ್ಕೆ ಮುಂಚೆ ನಿಮ್ಮ ಮನೆಯವರು ಮಾಡುವ ಒಂದು ಕೆಲಸ ಯಾವದು?