ಸಹಾಯ ಶಬ್ದದ ಅರ್ಥ

‘ಸಹಾಯ’ವೆಂದೊಡನೆ ಕೊಡುವ, ಕೊಳ್ಳುವ ವ್ಯವಹಾರವೇ ನಮ್ಮ ಮನಸ್ಸಿಗೆ ಬರುವುದು. ಸಂಸ್ಕೃತದಲ್ಲಿ ಈ ಶಬ್ದದ ಮೂಲಾರ್ಥ ಬೇರೆ. ‘ಸಹ’ ಎಂದರೆ ಸಂಗಡ, ‘ಅಯ’ ಎಂದರೆ ಹೋಗುವವನು. ಸಂಗಡ ನಡೆಯುವವನೇ ಸಹಾಯನು. ಅರ್ಬುದರೋಗಕ್ಕೆ, ಎಂದರೆ ಕ್ಯಾನ್ಸರಿಗೆ, ತುತ್ತಾದ ಹದಿಹರೆಯದ ಮಕ್ಕಳ ವಿಷಯದಲ್ಲಿ ಈ ಮೂಲಾರ್ಥವೇ ಗ್ರಾಹ್ಯವಾದುದು.

ಶಿಶುವಿಗೆ ತಾಯಿಯ ಮಡಿಲು ಸಾಕು. ಹದಿನೈದು, ಹದಿನೆಂಟರ ಪ್ರಾಯವಾದರೋ ಓರಗೆಯವರ ನಡುವೆ ತನ್ನ ಸ್ಥಾನವನ್ನು ಅರಸುವ ಕಾಲ. ಆಗಲೇ ಶಾಲೆ ತಪ್ಪುವುದು, ಔಷಧದಿಂದ ತಲೆಗೂದಲು ಉದುರುವುದು; ಏನು ಮಾತನಾಡಬೇಕೆಂದು ತೋಚದೆ ಗೆಳೆಯರು ದೂರ ಸರಿಯುವರು. ಬಂದವರನ್ನು ತಂದೆತಾಯಿಗಳೇ ಬಾಗಿಲಿನಿಂದ ಹಿಂದಿರುಗಿಸುವುದೂ ಉಂಟು. ಪ್ರೀತಿಯಿಂದಲೇ ಹಾಗೆ ಮಾಡುವರು, ಆದರೂ ಅದು ಸಲ್ಲದು. ಇದು ಮುಟ್ಟಿದರೆ, ಒಡನೆ ಕುಳಿತು ಉಂಡರೆ ಹರಡುವ ರೋಗವಲ್ಲ. ಚಿಕಿತ್ಸೆಯ ಕಾಲದಲ್ಲಿ ದೇಹದ ರಕ್ಷಣಾಶಕ್ತಿ ಕುಂದುವುದರಿಂದ ನೆಗಡಿ, ಜ್ವರವುಳ್ಳವರು ದೂರವಿರತಕ್ಕದ್ದು; ಉಳಿದವರನ್ನು ವೈದ್ಯರನ್ನು ಕೇಳಿ ಒಳಗೆ ಕರೆಯಬಹುದು.

ಕೆನಡಾ ದೇಶದ ಟೆರಿ ಫಾಕ್ಸನ ವೃತ್ತಾಂತವು ಇಲ್ಲಿ ಮನನಯೋಗ್ಯವಾಗಿದೆ. ಶಾಲೆಯಲ್ಲಿ ಆತನೂ ಡಗ್ ಆಲ್ವರ್ಡನೂ ಕೂಡಿ ಆಡಿದವರು. ಕೊನೆಯ ವರ್ಷದ ಶ್ರೇಷ್ಠ ಕ್ರೀಡಾಪಟುವಿನ ಬಹುಮಾನವನ್ನು ಇಬ್ಬರೂ ಹಂಚಿಕೊಂಡರು. 1977ರಲ್ಲಿ, 18ರ ವಯಸ್ಸಿಗೆ, ಟೆರಿಯ ಬಲಮೊಣಕಾಲಿನ ಎಲುಬಿನಲ್ಲಿ ಅರ್ಬುದ ಕಾಣಿಸಿ ಕಾಲನ್ನೇ ಕತ್ತರಿಸಬೇಕಾಯಿತು. ಚಿಕಿತ್ಸೆ ನಡೆದಿರುವಾಗಲೇ ರಿಕ್ ಹ್ಯಾನ್ಸನ್ ಎಂಬ ತರುಣನು ಗಾಲಿಕುರ್ಚಿಯ ಬ್ಯಾಸ್ಕೆಟ್‌ಬಾಲ್ ಆಟಕ್ಕೆ ಆತನನ್ನು ಕರೆದನು. ಹ್ಯಾನ್ಸನನೂ ಗಾಲಿಕುರ್ಚಿಯವನೇ. ಮರುಕದ ಮಾತುಗಳಿಗಿಂತ ‘ಆಡಲು ಬಾ’ ಎಂಬ ಕರೆ ಎಷ್ಟೋ ಮೇಲು.

ಕ್ಯಾನ್ಸರ್ ಸಂಶೋಧನೆಗೆ ಧನ ಕೂಡಿಸಲೆಂದು ಟೆರಿ 1980ರ ಏಪ್ರಿಲ್ 12ರಂದು ಕೃತಕ ಕಾಲಿನಿಂದ ದೇಶದ ಉದ್ದಕ್ಕೂ ಓಡಲು ಹೊರಟನು. ಡಗ್ ವಾಹನ ನಡೆಸಿದನು, ಅಡುಗೆ ಮಾಡಿದನು. ಮೈಲಿಯಷ್ಟು ಮುಂದೆ ಹೋಗಿ ನಿಂತು ಕಾಯುವುದೇ ಆತನ ನಿತ್ಯದ ಕೆಲಸವಾಯಿತು. ಇಬ್ಬರಿಗೂ ಜಗಳವಾಯಿತು, ಮಾತು ನಿಲ್ಲುವಷ್ಟು. ನಡುವೆ ಇರಲೆಂದು 17ರ ತಮ್ಮ ಡ್ಯಾರೆಲ್ ಬಂದು ಸೇರಬೇಕಾಯಿತು. ಇದನ್ನು ಮುಚ್ಚಿಡಲು ಕಾರಣವಿಲ್ಲ. ರೋಗಿಯೆಂದು ಎಲ್ಲಕ್ಕೂ ತಲೆಯಾಡಿಸುವವನು ಉಪಚಾರಕನು. ಸಮಾನನೆಂದು ಭಾವಿಸಿದವನೊಡನೆಯೇ ಜಗಳ ಸಾಧ್ಯ. ಡಗ್ ಮುನಿದನು, ಆದರೆ ವಾಹನವನ್ನು ಬಿಟ್ಟು ಹೋಗಲಿಲ್ಲ.

143 ದಿನಗಳಲ್ಲಿ 5373 ಕಿಲೋಮೀಟರು ಸಂದವು. ಸೆಪ್ಟೆಂಬರ್ 1ರಂದು ಥಂಡರ್ ಬೇ ಊರಿನ ಸಮೀಪದಲ್ಲಿ ಕೆಮ್ಮು, ಎದೆನೋವು ಹೆಚ್ಚಿದವು. ರೋಗವು ಶ್ವಾಸಕೋಶಕ್ಕೆ ಹರಡಿತ್ತು. ಮರುವರ್ಷ ಜೂನ್ 28ರಂದು, 22ರ ವಯಸ್ಸಿನಲ್ಲಿ, ಟೆರಿ ತೀರಿಕೊಂಡನು. ಓಟ ನಿಂತ ಆ ದಿನ, ಆಸ್ಪತ್ರೆಗೆ ಕರೆದೊಯ್ಯೆಂದು ಆತನು ಕೇಳಿದ್ದು ಡಗ್‌ನನ್ನೇ.